ಪರದೇಶದಲ್ಲಿ ಕ್ಯಾನ್ಸರ್ ಟ್ರೀಟ್‌ಮೆಂಟ್, ಧೈರ್ಯ ಹೇಗೆ ತಂದ್ಕೊಂಡ್ರಿ? ಅನುಭವ ಇರೋರು ದಯವಿಟ್ಟು ಹೇಳಿ

ಲೀಡ್ಸ್‌ನಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಈಗ ಇರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ನಾನು, ನಮ್ಮೆಜಮಾನ್ರು, ಈ ವರ್ಷ ಸ್ಕೂಲಿಗೆ ಸೇರಿರೋ ಮಗ, ಇಷ್ಟೇ ಜನ. ಬ್ರೆಸ್ಟ್ ಕ್ಯಾನ್ಸರ್ ಅಂತ ಗೊತ್ತಾಗಿದೆ, ಮುಂದಿನ ವಾರದಿಂದ ಕೀಮೋ, ಮೊದಲು ಇಸಿ ಅಂತ ಎರಡು ಔಷಧಿ ಸೇರಿಸಿ ಕೊಡೋದು, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಕೀಮೋ ಔಷಧಿ ಅಂದಿದಾರೆ. ಊರಲ್ಲಿ ಅಪ್ಪ ಅಮ್ಮಂಗೆ ಇನ್ನೂ ಹೇಳಿಲ್ಲ. ಹಗಲು ಹೇಗೋ ಕಳೆಯುತ್ತೆ, ರಾತ್ರಿ ಆದ್ರೆ ಎದೆ ಡವಡವ ಅನ್ನುತ್ತೆ. ಡಾಕ್ಟ್ರು ನರ್ಸು ಎಲ್ಲಾ ಒಳ್ಳೇವ್ರೇ, ಆದ್ರೆ ಅವ್ರ ಮುಂದೆ ಅಳೋಕೂ ಇಂಗ್ಲಿಷಲ್ಲಿ ಮಾತು ಹುಡುಕ್ಬೇಕು. ಇದನ್ನ ದಾಟಿ ಬಂದವರು ಯಾರಾದ್ರೂ ಇದ್ರೆ ಹೇಗೆ ದಾಟಿದ್ರಿ ಹೇಳಿ.

ಲಂಡನ್‌ನಿಂದ:

ತಂಗೀ, ನಾನು ಹಾಸನದವಳು, ಇದೇ ಇಸಿ ಇದೇ ಪ್ಯಾಕ್ಲಿಟ್ಯಾಕ್ಸೆಲ್ ತಗೊಂಡು ಈಗ ಚೆನ್ನಾಗಿದೀನಿ, ಅದನ್ನ ಮೊದಲು ಹೇಳ್ಬಿಡ್ತೀನಿ. ಧೈರ್ಯ ತಂದ್ಕೋ ಧೈರ್ಯ ತಂದ್ಕೋ ಅಂತ ಎಲ್ಲರೂ ಫೋನಲ್ಲಿ ಹೇಳ್ತಾರೆ, ಎಲ್ಲಿಂದ ತರೋದು ಅಂತ ಮಾತ್ರ ಯಾರೂ ಹೇಳಲ್ಲ ಅಲ್ವಾ. ನಂಗೆ ಅದು ಮೊದಲೇ ಬರ್ಲಿಲ್ಲ. ಮೊದಲ ಕೀಮೋ ದಿನ ಕಾಲು ನಡುಗ್ತಾನೇ ಹೋಗಿ ಕುರ್ಚೀಲಿ ಕೂತೆ. ಅಲ್ಲಿ ಏನಾಗುತ್ತೆ ಅಂತ ಹೇಳ್ತೀನಿ ಕೇಳು, ಗೊತ್ತಿದ್ರೆ ಅರ್ಧ ಭಯ ಹೋಗುತ್ತೆ. ಇಸಿಯಲ್ಲಿ ಒಂದು ಕೆಂಪು ಔಷಧಿ ಇದೆ, ಎಪಿರುಬಿಸಿನ್ ಅಂತ, ನನಗೆ ಕೊಟ್ಟಾಗ ನರ್ಸ್ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತು ದೊಡ್ಡ ದೊಡ್ಡ ಸಿರಿಂಜಲ್ಲಿ ನಿಧಾನಕ್ಕೆ ಕೈಯಾರೆ ಒತ್ತಿದ್ರು. ಅಷ್ಟು ಹೊತ್ತೂ ನಿನ್ನ ಕೈಯನ್ನೇ ನೋಡ್ತಿರ್ತಾರೆ, ಉರಿ ಇದ್ಯಾ ನೋವಿದ್ಯಾ ಅಂತ ಕೇಳ್ತಿರ್ತಾರೆ, ಸ್ವಲ್ಪ ಉರಿ ಅನ್ಸಿದ್ರೂ ತಕ್ಷಣ ಹೇಳ್ಬೇಕು, ಸಂಕೋಚ ಪಡ್ಬೇಡ. ನಂಗೆ ಬಾಯಿ ಹುಣ್ಣಾಗದೆ ಇರ್ಲಿ ಅಂತ ಆ ಟೈಮಲ್ಲಿ ಐಸ್ ಲಾಲಿ ಚೀಪೋಕೆ ಹೇಳಿದ್ರು. ಆಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತೆ, ಅದು ರಕ್ತ ಅಲ್ಲ, ಆ ಔಷಧಿ ಬಣ್ಣ, ಹೆದರ್ಬೇಡ.

ರಾತ್ರಿ ವಿಷಯ. ವಾಂತಿ ತಡೆಯೋಕೆ ಸ್ಟೆರಾಯ್ಡ್ ಮಾತ್ರೆ ಕೊಡ್ತಾರೆ, ಅದು ನಿದ್ದೆ ಕೆಡಿಸುತ್ತೆ, ಬೆಳಗ್ಗೆಯೇ ತಗೋಬಹುದಾ, ಸಂಜೆ ಡೋಸ್ ತಪ್ಪಿಸಬಹುದಾ ಅಂತ ನರ್ಸ್‌ನ ಕೇಳು. ಆದ್ರೂ ಕೆಲವು ರಾತ್ರಿ ಕಣ್ಣು ಮುಚ್ಚಲ್ಲ. ಆಗ ನಂಗೆ ಉಪಯೋಗಕ್ಕೆ ಬಂದದ್ದು ಟೈಮ್ ವ್ಯತ್ಯಾಸ. ಬೇಸಿಗೇಲಿ ಇಲ್ಲಿ ರಾತ್ರಿ ಒಂದು ಗಂಟೆ ಅಂದ್ರೆ ಊರಲ್ಲಿ ಬೆಳಗ್ಗೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ನಮ್ಮಮ್ಮ ಅಷ್ಟೊತ್ತಿಗೆ ಎದ್ದು ಬಾಗಿಲಿಗೆ ನೀರು ಹಾಕಿರ್ತಿದ್ರು. ಫೋನ್ ಸ್ಪೀಕರಿಗೆ ಹಾಕಿ ಕಟ್ಟೆ ಮೇಲಿಟ್ಟು ಅವ್ರು ರಂಗೋಲಿ ಹಾಕೋರು, ಹಾಲಿನವನ ಹತ್ರ ಮಾತಾಡೋರು, ಕಾಯಿಲೆ ಮಾತೇ ಇರ್ತಿರ್ಲಿಲ್ಲ, ನಾನು ಕತ್ತಲಲ್ಲಿ ಮಲಗಿ ಕೇಳಿಸ್ಕೊಳ್ತಾ ಇರ್ತಿದ್ದೆ ಅಷ್ಟೇ. ಅದಕ್ಕೇ ಹೇಳ್ತಿರೋದು, ಅಮ್ಮಂಗೆ ಹೇಳು. ಅವ್ರು ತಡ್ಕೊಳ್ಳಲ್ಲ ಅಂತ ನಾವು ಅನ್ಕೋತೀವಿ, ತಡ್ಕೋತಾರೆ. ಮೊದಲ ದಿನ ಅಳ್ತಾರೆ, ಮಾರನೇ ದಿನದಿಂದ ನಮಗಿಂತ ಗಟ್ಟಿ. ಹೇಳೋವಾಗ ಹತ್ರದಲ್ಲಿ ಅಣ್ಣನೋ ಚಿಕ್ಕಮ್ಮನೋ ಇರೋ ಹಾಗೆ ನೋಡ್ಕೊಂಡು ಹೇಳು, ಮುಂದೆ ಏನು ಟ್ರೀಟ್‌ಮೆಂಟು, ಯಾವಾಗ ಮುಗಿಯುತ್ತೆ ಅನ್ನೋದನ್ನೂ ಅದೇ ಉಸಿರಲ್ಲಿ ಹೇಳ್ಬಿಡು. ಸಾಧ್ಯ ಆದ್ರೆ ವಿಸಿಟರ್ ವೀಸಾ ಮೇಲೆ ಕರೆಸ್ಕೋ, ಆರು ತಿಂಗಳವರೆಗೆ ಇರಬಹುದು.

ಇನ್ನೊಂದು, ನಿಮ್ಮೂರಲ್ಲೇ ಸೇಂಟ್ ಜೇಮ್ಸ್ ಆಸ್ಪತ್ರೆ ಆವರಣದಲ್ಲಿ ಮ್ಯಾಗೀಸ್ ಸೆಂಟರ್ ಇದೆ. ಮ್ಯಾಗಿ ಕೆಸ್ವಿಕ್ ಜೆಂಕ್ಸ್ ಅನ್ನೋ ಹೆಣ್ಮಗಳು ಶುರು ಮಾಡಿಸಿದ್ದು, ಅವ್ರಿಗೂ ಬ್ರೆಸ್ಟ್ ಕ್ಯಾನ್ಸರ್ರೇ, ಕಾಯಿಲೆ ವಾಪಸ್ ಬಂದಿದೆ ಅಂತ ಹೇಳಿ ಕಿಟಕಿ ಇಲ್ಲದ ಕಾರಿಡಾರಲ್ಲಿ ಕೂರಿಸಿದ್ರಂತೆ, ಅಂಥ ಹೊತ್ತಲ್ಲಿ ಕೂರೋಕೆ ಮನೆಯಂಥ ಜಾಗ ಬೇಕು ಅಂತ ಯೋಚನೆ ಮಾಡಿದ್ರು. 1995ರಲ್ಲಿ ತೀರ್ಕೊಂಡ್ರು, ಮರುವರ್ಷ ಎಡಿನ್‌ಬರಾದಲ್ಲಿ ಮೊದಲ ಸೆಂಟರ್ ತೆಗೆದ್ರು. ಅಪಾಯಿಂಟ್‌ಮೆಂಟ್ ಬೇಡ, ದುಡ್ಡು ಬೇಡ, ಸುಮ್ನೆ ಒಳಗೆ ಹೋಗಿ ಅಡುಗೆಮನೆ ಟೇಬಲ್ ಹತ್ರ ಕೂತು ಟೀ ಕುಡೀಬಹುದು, ಸೈಕಾಲಜಿಸ್ಟ್ ಕೂಡ ಇರ್ತಾರೆ. ಯಜಮಾನ್ರನ್ನೂ ಕರ್ಕೊಂಡು ಹೋಗು.

ಆಮೇಲೆ ಭಾಷೆ ವಿಷಯ, ಇಂಟರ್‌ಪ್ರಿಟರ್, ಅಂದ್ರೆ ದುಭಾಷಿ ಬೇಕು ಅಂತ ಕೇಳೋ ಹಕ್ಕು ನಿಂಗಿದೆ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಅದಕ್ಕೆ ನೀನು ದುಡ್ಡು ಕೊಡ್ಬೇಕಾಗಿಲ್ಲ, ಎಷ್ಟೇ ಇಂಗ್ಲಿಷ್ ಬಂದ್ರೂ ದೊಡ್ಡ ತೀರ್ಮಾನದ ದಿನ ಕನ್ನಡದಲ್ಲಿ ಕೇಳಿಸ್ಕೊಂಡ್ರೆ ಮನಸ್ಸಿಗೆ ಬೇರೆ ಥರ ಇಳಿಯುತ್ತೆ.

ನಂಗೆ ಸ್ಕ್ಯಾನ್ ಇದ್ದ ದಿನಗಳಲ್ಲಿ ಆಸ್ಪತ್ರೆ ಮುಗಿಸಿ ಥೇಮ್ಸ್ ದಡದಲ್ಲೇ ನಿಧಾನಕ್ಕೆ ನಡ್ಕೊಂಡು ಲ್ಯಾಂಬೆತ್ ಕಡೆ ಬಸವಣ್ಣನವರ ಪ್ರತಿಮೆ ಹತ್ರ ಹೋಗಿ ಕೂರ್ತಿದ್ವಿ, ಎದುರಿಗೆ ನದಿ ಆಚೆ ಪಾರ್ಲಿಮೆಂಟ್ ಕಾಣುತ್ತೆ. 2015ರಲ್ಲಿ ಅನಾವರಣ ಆದದ್ದು. ರಿಸಲ್ಟ್‌ಗೆ ಕಾಯೋ ಹೊತ್ತಲ್ಲಿ ನಮ್ಮವರೊಬ್ಬರು ಅಲ್ಲಿದಾರೆ ಅನ್ನೋದೇ ದೊಡ್ಡದಾಗಿತ್ತು.

ಬರ್ಮಿಂಗ್‌ಹ್ಯಾಮ್‌ನಿಂದ:

ನಾನು ವಾರ್ಡಲ್ಲಿ ನರ್ಸ್ ಆಗಿ ಕೆಲಸ ಮಾಡ್ತೀನಿ, ಚಿಕ್ಕದಾಗಿ ಹೇಳ್ತೀನಿ. ಥರ್ಮಾಮೀಟರ್ ಇವತ್ತೇ ತಗೊಳ್ಳಿ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ರಾತ್ರಿ ಎರಡಾಗಿರ್ಲಿ ಮೂರಾಗಿರ್ಲಿ, ಆಸ್ಪತ್ರೆಯವರು ಕೊಟ್ಟಿರೋ 24 ಗಂಟೆ ನಂಬರಿಗೆ ಫೋನ್ ಮಾಡ್ಬೇಕು, ಬೆಳಗಾಗ್ಲಿ ನೋಡೋಣ ಅಂತ ಕೂರೋ ಹಾಗಿಲ್ಲ, ಮೊದಲೇ ಪ್ಯಾರಾಸಿಟಮಾಲ್ ನುಂಗಿ ಜ್ವರ ಮುಚ್ಚೋ ಹಾಗೂ ಇಲ್ಲ. ಕೀಮೋದಿಂದ ಬಿಳಿ ರಕ್ತಕಣ ಕಮ್ಮಿ ಆದಾಗ ಸೋಂಕು ಗಂಟೆಗಳಲ್ಲೇ ಏರುತ್ತೆ. ಜ್ವರ ಇಲ್ಲದೇನೂ ಚಳಿ ನಡುಕ ಬಂದ್ರೆ ಅದಕ್ಕೂ ಫೋನ್ ಮಾಡಿ.

ಊರಿಂದ ಕಷಾಯದ ಪುಡಿ, ಅಮೃತಬಳ್ಳಿ, ಅಶ್ವಗಂಧ ಎಲ್ಲ ಪಾರ್ಸೆಲ್ ಬರುತ್ತೆ, ಪ್ರೀತಿಯಿಂದಲೇ ಕಳಿಸ್ತಾರೆ, ಆದ್ರೆ ಟೀಮಿಗೆ ಹೇಳದೆ ಏನೂ ತಗೋಬೇಡಿ. ಅಮೃತಬಳ್ಳಿ ತಗೊಂಡವರಲ್ಲಿ ಲಿವರ್ ತೊಂದರೆ ಆದ ಕೇಸ್‌ಗಳು ಇಂಡಿಯಾದಲ್ಲೇ ವರದಿಯಾಗಿವೆ. ಸಾರಿಗೆ ಒಗ್ಗರಣೆಗೆ ಹಾಕೋ ಅರಿಶಿನಕ್ಕೆ ಯಾರೂ ಬೇಡ ಅನ್ನಲ್ಲ. ಮನೇಲಿ ಹೆಪ್ಪು ಹಾಕಿದ ಮೊಸರಿನ ಬಗ್ಗೆ ಒಂದೊಂದು ಆಸ್ಪತ್ರೇಲಿ ಒಂದೊಂದು ಹೇಳ್ತಾರೆ, ನಿಮ್ಮವರನ್ನೇ ಕೇಳಿ. ಇಂಗ್ಲೆಂಡಲ್ಲಿ ಕ್ಯಾನ್ಸರ್ ಇರೋರಿಗೆ ಔಷಧಿ ಚೀಟಿಗೆ ದುಡ್ಡು ಕೊಡ್ಬೇಕಾಗಿಲ್ಲ, ಜಿಪಿ, ಅಂದ್ರೆ ನಿಮ್ಮ ಏರಿಯಾ ಡಾಕ್ಟ್ರ ಹತ್ರ ಎಫ್‌ಪಿ92ಎ ಫಾರ್ಮ್ ಕೇಳಿ, ಸರ್ಟಿಫಿಕೇಟ್ ಐದು ವರ್ಷ ನಡೆಯುತ್ತೆ.

ನ್ಯೂಜೆರ್ಸಿಯಿಂದ:

ಮೇಡಂ, ನಾನು ಪೇಶೆಂಟ್ ಅಲ್ಲ, ನನ್ನ ತಮ್ಮಂಗೆ ಇಲ್ಲಿ ಎಂಎಸ್ ಓದೋವಾಗ ಟೆಸ್ಟಿಕ್ಯುಲರ್ ಕ್ಯಾನ್ಸರ್, ಅಂದ್ರೆ ವೃಷಣದ ಕ್ಯಾನ್ಸರ್ ಬಂತು, ಲಂಗ್ಸ್‌ವರೆಗೂ ಹೋಗಿತ್ತು. ಅವನು ಮಾತೇ ನಿಲ್ಲಿಸ್ಬಿಟ್ಟ. ಆಗ ಅವನಿಗೆ ಹಿಡಿದ ವಿಷಯ ಅಂದ್ರೆ ಯುವರಾಜ್ ಸಿಂಗ್. 2011ರ ವರ್ಲ್ಡ್ ಕಪ್ ಆಡಿದ ಮನುಷ್ಯ, 2012ರಲ್ಲಿ ಬಾಸ್ಟನ್ ಮತ್ತೆ ಇಂಡಿಯಾನಾಪೊಲಿಸ್‌ನಲ್ಲಿ ಕೀಮೋ ತಗೊಂಡು ಅದೇ ಸೆಪ್ಟೆಂಬರಲ್ಲಿ ಇಂಡಿಯಾ ಟೀಮಿಗೆ ವಾಪಸ್ ಬಂದ್ರು. ಅವ್ರನ್ನ ನೋಡಿದ ಡಾಕ್ಟರ್ ಲಾರೆನ್ಸ್ ಐನ್‌ಹಾರ್ನ್, 1974ರಲ್ಲಿ ಸಿಸ್‌ಪ್ಲಾಟಿನ್ ಅನ್ನೋ ಔಷಧಿಯನ್ನ ಬೇರೆ ಎರಡು ಔಷಧಿ ಜೊತೆ ಸೇರಿಸಿ ಕೊಟ್ಟು, ಅಲ್ಲಿವರೆಗೂ ಹರಡಿದ ಮೇಲೆ ಬಹುತೇಕ ಉಳೀತಾನೇ ಇರದಿದ್ದ ಟೆಸ್ಟಿಕ್ಯುಲರ್ ಕ್ಯಾನ್ಸರನ್ನ ಗುಣ ಆಗೋ ಕಾಯಿಲೆ ಮಾಡಿದೋರು. ನನ್ನ ತಮ್ಮಂಗೆ ಕೊಟ್ಟದ್ದೂ ಸಿಸ್‌ಪ್ಲಾಟಿನ್ನೇ. ನಿಮ್ಮ ಕ್ಯಾನ್ಸರ್ ಬೇರೆ, ಔಷಧಿ ಬೇರೆ, ಅದು ಗೊತ್ತು, ಆದ್ರೆ ನಿಮ್ಮ ಔಷಧಿ ಹಿಂದೆಯೂ ಹೀಗೆ ವರ್ಷಾನುಗಟ್ಟಲೆ ಕೆಲಸ ಮಾಡಿದವರು, ನಿಮಗಿಂತ ಮುಂಚೆ ಆ ಕುರ್ಚೀಲಿ ಕೂತವರು ಎಷ್ಟೋ ಜನ ಇದಾರೆ, ಅದನ್ನ ಓದಿ. ಗೂಗಲಲ್ಲಿ ರಾತ್ರಿ ಹೊತ್ತು ಎಷ್ಟು ಜನ ಉಳೀತಾರೆ ಅಂತ ಮಾತ್ರ ಹುಡುಕ್ಬೇಡಿ, ಅದು ನಿಮ್ಮ ರಿಪೋರ್ಟ್ ನೋಡಿದ ಡಾಕ್ಟರ್ ಹತ್ರ ಕೇಳೋ ಪ್ರಶ್ನೆ.

ಅಮೆರಿಕಾದಲ್ಲಿ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ, ಆಸ್ಪತ್ರೆ ಸೋಶಿಯಲ್ ವರ್ಕರನ್ನ ಮೊದಲ ವಾರವೇ ಭೇಟಿ ಮಾಡಿ. ದೂರದ ಊರಲ್ಲಿ ಟ್ರೀಟ್‌ಮೆಂಟ್ ಇದ್ರೆ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯವರ ಹೋಪ್ ಲಾಡ್ಜ್‌ನಲ್ಲಿ ಬಾಡಿಗೆ ಇಲ್ಲದೆ ಉಳ್ಕೋಬಹುದು.

ಮ್ಯಾಂಚೆಸ್ಟರ್‌ನಿಂದ:

ಇದು ನಿಮ್ಮ ಯಜಮಾನ್ರಿಗೆ, ದಯವಿಟ್ಟು ಓದಿ ಹೇಳಿ. ಸರ್, ನನ್ನ ಹೆಂಡತಿಗೆ ಆದಾಗ ನಾನು ಆಫೀಸು, ಮಗು, ಅಡುಗೆ ಎಲ್ಲ ನೋಡ್ಕೋತಿದ್ದೆ. ಪರಿಚಯದವರು ಏನಾದ್ರೂ ಬೇಕಾ ಅಂತ ಕೇಳ್ತಾನೇ ಇರ್ತಾರೆ, ಅವ್ರಿಗೆ ಇಂಥದ್ದೇ ಅಂತ ಕೆಲಸ ಹೇಳಿ. ಒಬ್ಬರಿಗೆ ಸ್ಕೂಲಿಂದ ಮಗುನ ಕರ್ಕೊಂಡು ಬರೋದು, ಒಬ್ಬರಿಗೆ ಸಾರು ಪಲ್ಯ ಮಾಡಿ ಡಬ್ಬೀಲಿ ಫ್ರೀಜರಿಗೆ ಇಡೋದು. ಕೀಮೋ ಆದ ವಾರ ಬಾಯಿ ಎಲ್ಲಾ ಕಬ್ಬಿಣ ನೆಕ್ಕಿದ ಹಾಗೆ ಅಂತಿದ್ಲು, ಸ್ಟೀಲ್ ಚಮಚ ತೆಗೆದಿಟ್ಟು ಮರದ್ದು ಕೊಟ್ವಿ, ನಿಂಬೆಹಣ್ಣು ಸಾರು ಗಂಜಿ ಹಿಡಿಸ್ತಿತ್ತು, ಬಾಯಿ ಹುಣ್ಣಿದ್ದಾಗ ಹುಳಿ ಬೇಡ. ಕೆಲಸದ ಕಡೆ ಭಯ ಬೇಡ, ಇಲ್ಲಿನ 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದಲೇ ನಿಮ್ಮ ಹೆಂಡತಿಗೆ ಭೇದಭಾವದಿಂದ ರಕ್ಷಣೆ ಇದೆ, ಮ್ಯಾನೇಜರ್ ಹತ್ರ ಬರಹದಲ್ಲಿ ಮಾತಾಡಿ. ಮತ್ತೆ ನಿಮಗೂ ಅಳು ಬರುತ್ತೆ ಸರ್, ಒಬ್ಬ ಸ್ನೇಹಿತನ ಹತ್ರ ಆದ್ರೂ ಅತ್ತುಬಿಡಿ.

ಲೀಡ್ಸ್‌ನಿಂದ:

ಓದ್ತಾ ಓದ್ತಾ ತುಂಬಾ ಅತ್ತೆ, ಆದ್ರೆ ಇದು ಬೇರೆ ಅಳು. ಥರ್ಮಾಮೀಟರ್ ತಂದಾಯ್ತು. ಅಮ್ಮಂಗೆ ಭಾನುವಾರ ಅಣ್ಣ ಮನೇಲಿರೋವಾಗ ಹೇಳ್ತೀನಿ. ಅಕ್ಕಾ, ಒಂದು ಕೇಳ್ಲಾ, ಕೂದಲು ಉದುರದೆ ಇರ್ಲಿ ಅಂತ ತಲೆ ತಣ್ಣಗಿಡೋ ಕೋಲ್ಡ್ ಕ್ಯಾಪ್ ಹಾಕ್ಕೊಳ್ತೀರಾ ಅಂತ ಆಸ್ಪತ್ರೇಲಿ ಕೇಳ್ತಿದಾರೆ, ನಂಗೆ ಸೊಂಟದವರೆಗೆ ಜಡೆ ಇದೆ, ಏನು ಮಾಡ್ಲಿ?

ಲಂಡನ್‌ನಿಂದ:

ನಾನು ಹಾಕ್ಕೊಂಡಿದ್ದೆ. ತಲೆ ತಣ್ಣಗಾದ್ರೆ ರಕ್ತನಾಳ ಸಣ್ಣ ಆಗಿ ಕೂದಲ ಬುಡಕ್ಕೆ ಔಷಧಿ ಕಮ್ಮಿ ಹೋಗುತ್ತೆ, ಅದು ಲೆಕ್ಕ. ಮೊದಲ ಹತ್ತು ಹದಿನೈದು ನಿಮಿಷ ಕಷ್ಟ, ಹಣೆ ಸಿಡಿಯುತ್ತೆ, ಆಮೇಲೆ ಮರಗಟ್ಟುತ್ತೆ. ಔಷಧಿ ಶುರು ಆಗೋ ಮುಂಚೆ, ಮುಗಿದ ಮೇಲೂ ಹಾಕ್ಕೊಂಡಿರ್ಬೇಕು, ಹಾಗಾಗಿ ದಿನ ಉದ್ದ ಆಗುತ್ತೆ. ಇಸಿ ಜೊತೆ ಎಲ್ಲರಿಗೂ ಉಳಿಯಲ್ಲ ಅನ್ನೋದು ಗೊತ್ತಿರ್ಲಿ, ನಂಗೆ ಅರ್ಧ ಉದುರ್ತು ಅರ್ಧ ಉಳೀತು. ಕ್ಯಾಪ್ ತಲೆಗೆ ಅಂಟಿ ಕೂರ್ಬೇಕು, ಗ್ಯಾಪ್ ಇದ್ದ ಕಡೆ ಕೂದಲು ಹೋಗುತ್ತೆ, ಅದಕ್ಕೆ ಸೈಜ್ ಸರಿಯಾಗಿ ನೋಡೋಕೆ ಹೇಳು. ಜಡೆ ಭುಜದವರೆಗಾದ್ರೂ ಕಟ್ ಮಾಡ್ಸಿದ್ರೆ ಸಿಕ್ಕಾಗಲ್ಲ. ಕತ್ತರಿಸಿದ್ದನ್ನ ಬಿಸಾಕ್ಬೇಡ, ಲಿಟಲ್ ಪ್ರಿನ್ಸೆಸ್ ಟ್ರಸ್ಟ್‌ನವರು ಉದ್ದ ಕೂದಲು ತಗೊಂಡು ಮಕ್ಕಳಿಗೆ ವಿಗ್ ಮಾಡ್ತಾರೆ, ಮೊದಲೇ ಜಡೆ ಹಾಕಿ ಎರಡೂ ಕಡೆ ಬಿಗಿಯಾಗಿ ಕಟ್ಟಿ ಆಮೇಲೆ ಕತ್ತರಿಸ್ಬೇಕು. ಮಗನ ಎದುರಿಗೇ ಮಾಡ್ಸು, ಆಮೇಲೆ ಗಾಬರಿ ಆಗಲ್ಲ. ದಪ್ಪ ಕಂಬಳಿ, ಫ್ಲಾಸ್ಕಲ್ಲಿ ಬಿಸಿ ಏನಾದ್ರೂ ತಗೊಂಡು ಹೋಗು. ಕೀಮೋ ಯಾವ ದಿನ ಅಂತ ತಿಳಿಸು, ಕ್ಯಾಪ್ ಹಾಕೋ ಹೊತ್ತಿಗೆ ವಿಡಿಯೋ ಕಾಲ್ ಮಾಡ್ತೀನಿ, ಆ ಮೊದಲ ಹದಿನೈದು ನಿಮಿಷ ನಾವಿಬ್ರೂ ಮಾತಾಡ್ತಾ ಇರೋಣ.