ಓದುಗರ ಸ್ಪಂದನ: ತಮ್ಮನಿಗೆ ಧೈರ್ಯ ತುಂಬುವುದು ಹೇಗೆ?

ವಿರಾಜಪೇಟೆ ಕಡೆಯ ಅಕ್ಕ ಒಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮನ ಬಗ್ಗೆ ಬರೆದಿದ್ದರು. ತಮ್ಮನಿಗೆ ಮೂವತ್ತು ದಾಟಿದೆ. ಬೆಂಗಳೂರಿನ ಕೆಲಸ ಬಿಟ್ಟು ಬಂದು ತೋಟದ ಲೆಕ್ಕ ನೋಡಿಕೊಳ್ಳುತ್ತಿದ್ದಾರೆ. ಆಟಿಸಂ (ಜನರೊಡನೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು) ಇದೆ ಎಂದು ಈಚೆಗೆ ಗೊತ್ತಾಗಿದೆ. ಅಲ್ಲಿಂದೀಚೆಗೆ ಮದುವೆ, ನಾಮಕರಣ ಯಾವುದಕ್ಕೂ ಬರುವುದಿಲ್ಲ ಅನ್ನುತ್ತಾರೆ. ಊರಿಗೆ ಗೊತ್ತಾದರೆ ಏನು ಗತಿ ಎಂದು ಅವ್ವನ ಚಿಂತೆ. "ಅವನಿಗೆ ಧೈರ್ಯ ತುಂಬಿ, ನಾಲ್ಕು ಜನರ ಜೊತೆ ಬೆರೆಯೋ ಹಾಗೆ ಮಾಡೋದು ಹೇಗೆ?" ಎಂದು ಅಕ್ಕ ಕೇಳಿದ್ದರು. ಪತ್ರಗಳು ರಾಶಿ ಬಂದಿವೆ. ಕೆಲವನ್ನು ಚಿಕ್ಕದು ಮಾಡಿದ್ದೇವೆ. ಒಂದನ್ನು ಮಾತ್ರ ಮುಟ್ಟಿಲ್ಲ.

*ಕುಶಾಲನಗರದಿಂದ ಒಬ್ಬರು:*

ಅವ್ವ ಏನಂತಾರೆ, ನೆಂಟರು ಏನಂತಾರೆ, ನೀವು ಏನಂತೀರಿ, ಎಲ್ಲ ನಿಮ್ಮ ಪತ್ರದಲ್ಲಿದೆ. 'ಬರುವುದಿಲ್ಲ' ಅನ್ನೋದು ಬಿಟ್ಟರೆ ತಮ್ಮನ ಒಂದು ಮಾತೂ ಇಲ್ಲ. ಯಾಕೆ ಬರೋದಿಲ್ಲ ಅಂತ ಅವನನ್ನೇ ಕೇಳಿದ್ರಾ? ಮೊದಲು ಅವನನ್ನು ಕೇಳಿ. ಆಮೇಲೆ ಪತ್ರಿಕೆಯನ್ನು ಕೇಳಿ.

ಇಷ್ಟು ಖಾರ ಬೇಕಿರಲಿಲ್ಲ. ಪ್ರಶ್ನೆ ಮಾತ್ರ ನಮ್ಮದೂ ಹೌದು.

*ಪೊನ್ನಂಪೇಟೆಯ ನಿವೃತ್ತ ಸೈನಿಕರೊಬ್ಬರು:*

ನಮ್ಮ ಕಾಲದಲ್ಲಿ ಇದಕ್ಕೆಲ್ಲ ಹೆಸರು ಇರಲಿಲ್ಲ. ಮಾತು ಕಡಿಮೆ ಇದ್ದವರು ನಮ್ಮ ರೆಜಿಮೆಂಟಿನಲ್ಲಿ ಬೇಕಾದಷ್ಟು ಜನ ಇದ್ದರು. ಒಳ್ಳೆಯ ಸಿಪಾಯಿಗಳೇ ಆದರು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ, ಓಡಿಸಿ. ಕೈಗೆ ಹಾಕಿ ಸ್ಟಿಕ್ ಕೊಡಿ. 1997ರಲ್ಲಿ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಶುರುವಾದ ಮೇಲೆ, ಮನೆ ಬಿಟ್ಟು ಹೊರಗೆ ಬಾರದ ಹುಡುಗರೂ ಒಕ್ಕದ, ಅಂದರೆ ಮನೆತನದ, ಹೆಸರಿಗಾಗಿ ಮೈದಾನಕ್ಕೆ ಇಳಿದದ್ದನ್ನು ನೋಡಿದ್ದೇನೆ. ನಾಲ್ಕು ಜನ ಬೆನ್ನು ತಟ್ಟಿದರೆ ಧೈರ್ಯ ತಾನಾಗಿ ಬರುತ್ತದೆ.

ಹಿರಿಯರ ಕಾಳಜಿ ದೊಡ್ಡದು. ರೆಜಿಮೆಂಟಿನಲ್ಲಿ ಯಾವ ಹೊತ್ತಿಗೆ ಏನು ಅನ್ನುವುದು ಮೊದಲೇ ಗೊತ್ತಿರುತ್ತದೆ, ಮದುವೆಮನೆ ಹಾಗಲ್ಲ. ಇದನ್ನು ಅವರೂ ಒಪ್ಪಬಹುದು.

*ನಾಪೋಕ್ಲು ಕಡೆಯಿಂದ ಒಬ್ಬ ಮಹಿಳೆ:*

ಅಕ್ಕ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೂ ಆಟಿಸಂ ಇದೆ. ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಅಷ್ಟರಲ್ಲಿ ಬೇರೆ ಹೆಸರುಗಳೆಲ್ಲ ಸಿಕ್ಕಿದ್ದವು. ಜಂಬದವಳು, ಮಂಕು, ದೊಡ್ಡವರಿಗೆ ಮರ್ಯಾದೆ ಕೊಡದವಳು.

ಶಾಲೆಯಲ್ಲಿ ಒಬ್ಬ ಟೀಚರ್ ನನ್ನ ಗಲ್ಲ ಹಿಡಿದು ಎತ್ತಿ, 'ಕಣ್ಣು ನೋಡಿ ಮಾತಾಡು' ಅನ್ನುತ್ತಿದ್ದರು. ಕಣ್ಣು ನೋಡಿದರೆ ಅವರು ಹೇಳಿದ್ದು ತಲೆಗೆ ಹೋಗುತ್ತಿರಲಿಲ್ಲ. ಕೇಳಿಸಿಕೊಳ್ಳಬೇಕಾದರೆ ನಾನು ನೆಲ ನೋಡಬೇಕಿತ್ತು. ಅದನ್ನು ಹೇಳುವುದು ಹೇಗೆ ಅಂತ ಆ ವಯಸ್ಸಿಗೆ ಗೊತ್ತಿರಲಿಲ್ಲ. ಹಾಗಾಗಿ ನಟಿಸಲು ಕಲಿತೆ. ಎದುರಿನವರ ಹುಬ್ಬುಗಳ ನಡುವೆ ನೋಡುವುದು. ಬೇರೆಯವರು ನಕ್ಕಾಗ ನಗುವುದು. ಮದುವೆಗೆ ಹೊರಡುವ ಮುಂಚೆ ನಾಲ್ಕು ಮಾತು ಬಾಯಿಪಾಠ ಮಾಡುವುದು: ನಿಮ್ಮ ಕಡೆ ಮಳೆ ಹೇಗೆ, ಕಾಫಿ ಕುಯ್ದಾಯ್ತಾ, ಮಕ್ಕಳು ಎಲ್ಲಿದ್ದಾರೆ. ಈಗ ಚುರುಕಾದಳು ಅಂತ ಎಲ್ಲರೂ ಹೊಗಳಿದರು. ಮನೆಗೆ ಬಂದ ಮೇಲೆ ನನಗೆ ಮಾತೇ ಹೊರಡುತ್ತಿರಲಿಲ್ಲ, ಕಿಟಕಿ ಮುಚ್ಚಿ ಮಲಗಿಬಿಡುತ್ತಿದ್ದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನೀವು ಕೇಳುವ 'ಬೆರೆಯೋ ಹಾಗೆ ಮಾಡೋದು' ಇದೇ ಆಗಿಬಿಟ್ಟರೆ ಅಂತ ನನಗೆ ಭಯ.

ನಮ್ಮ ಸುಗ್ಗಿ ಹಬ್ಬ ಪುತ್ತರಿ ಅಂದರೆ ನನಗೆ ಜೀವ. ರಾತ್ರಿ ಗದ್ದೆಗೆ ಹೋಗುವ ದಾರಿ ಇಷ್ಟ, ಕದಿರಿನ ವಾಸನೆ ಇಷ್ಟ, 'ಪೊಲಿ ಪೊಲಿ ದೇವಾ' ಅಂತ ಕೂಗುವುದೂ ಇಷ್ಟ. ಆಗ ಹಾರಿಸುವ ಗುಂಡು ಮಾತ್ರ ನನ್ನ ತಲೆಯೊಳಗೇ ಸಿಡಿದ ಹಾಗಾಗುತ್ತಿತ್ತು. ಚಿಕ್ಕವಳಿದ್ದಾಗ ಕಿವಿ ಮುಚ್ಚಿ ಓಡಿದ್ದಕ್ಕೆ, 'ಕೊಡಗಿನಲ್ಲಿ ಹುಟ್ಟಿ ಕೋವಿಗೆ ಹೆದರ್ತೀಯಾ' ಅಂದು ಅಪ್ಪ ಎಲ್ಲರ ಮುಂದೆ ನಿಲ್ಲಿಸಿದರು. ಅಪ್ಪ ಈಗಿಲ್ಲ. ಅದು ಹೆದರಿಕೆ ಅಲ್ಲ, ನನ್ನ ಕಿವಿಯೇ ಹಾಗೆ ಅಂತ ಅವರಿಗೆ ಹೇಳಲು ಆಗಲೇ ಇಲ್ಲ.

ಡಾಕ್ಟರು ನನ್ನ ಬಾಲ್ಯದ ಬಗ್ಗೆ ತುಂಬಾ ಕೇಳಿದರು. ಅವ್ವನನ್ನೂ ಕೂರಿಸಿ ಕೇಳಿದರು. ಶಬ್ದ, ಬೆಳಕು, ಬಟ್ಟೆ ಚುಚ್ಚುವುದು, ಇದನ್ನೆಲ್ಲ ಕೇಳಿದಾಗ ನನಗೆ ಅಳು ಬಂತು. ಇಂಥದ್ದನ್ನು ಗುರುತಿಸಲು ಡಾಕ್ಟರುಗಳು ಬಳಸುವ ಡಿಎಸ್‌ಎಂ ಕೈಪಿಡಿಯಲ್ಲಿ ಇವು ಆಟಿಸಂನ ಲಕ್ಷಣಗಳ ಸಾಲಿಗೆ ಸೇರಿದ್ದೇ 2013ರಲ್ಲಂತೆ. ಆ ಹೊತ್ತಿಗೆ ನನ್ನ ಶಾಲೆ, ಕಾಲೇಜು ಎಲ್ಲ ಮುಗಿದು ಎಷ್ಟೋ ಕಾಲ ಆಗಿತ್ತು.

ಗೊತ್ತಾದ ಮೇಲೆ ನಾನೂ ಎಲ್ಲಿಗೂ ಹೋಗಲಿಲ್ಲ. ಕುಗ್ಗಿ ಕೂತದ್ದಲ್ಲ ಅದು. ಹಳೆಯದನ್ನೆಲ್ಲ ಒಂದೊಂದೇ ತೆಗೆದು, ಓಹೋ ಅದು ಇದಕ್ಕಾ ಅಂತ ನೋಡುವ ಕೆಲಸ ಇತ್ತು. ನಿಮ್ಮ ತಮ್ಮನೂ ಅದನ್ನೇ ಮಾಡುತ್ತಿರಬಹುದು. ಆಗ ಒಂದು ನೋಟ್‌ಬುಕ್ ಇಟ್ಟೆ. ಯಾವುದರಿಂದ ಸುಸ್ತಾಯಿತು, ಅದಕ್ಕೆ ಮುಂಚೆ ಮೈ ಏನು ಸೂಚನೆ ಕೊಟ್ಟಿತು, ಏನು ಮಾಡಿದರೆ ಸರಿಹೋಯಿತು, ಅಷ್ಟೇ ಬರೆಯುತ್ತಿದ್ದೆ. ನನಗೆ ಜನರೇ ಆಗುವುದಿಲ್ಲ ಅಂದುಕೊಂಡಿದ್ದೆ. ಬರೆದದ್ದು ನೋಡಿದರೆ ಕಷ್ಟ ಜನರಿಂದಲ್ಲ, ವಾಲಗದ ಸದ್ದಿನ ನಡುವೆ ನಾಲ್ಕು ಜನ ಒಟ್ಟಿಗೇ ಮಾತಾಡುವುದರಿಂದ. ಅಡುಗೆಯವರ ಪಕ್ಕ ಕೂತು ತರಕಾರಿ ಹೆಚ್ಚುತ್ತಾ ಒಬ್ಬರ ಜೊತೆ ಗಂಟೆಗಟ್ಟಲೆ ಮಾತಾಡುತ್ತೇನೆ!

ಈಗ ಮದುವೆಗೆ ಬೇಗ ಹೋಗುತ್ತೇನೆ, ಕುಣಿತ ಜೋರಾಗುವ ಹೊತ್ತಿಗೆ ಹೊರಡುತ್ತೇನೆ. ಕೇಳಿದವರಿಗೆ 'ನನಗೆ ಶಬ್ದ ಆಗೋದಿಲ್ಲ' ಅನ್ನುತ್ತೇನೆ. ಮರುದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ. ಪುತ್ತರಿಗೆ ಇಯರ್‌ಪ್ಲಗ್ ಹಾಕಿಕೊಂಡು ಗದ್ದೆಗೆ ಹೋಗುತ್ತೇನೆ. ಅಣ್ಣ ನನ್ನ ಕಡೆ ಕೈ ತೋರಿಸಿ ಆಮೇಲೆ ಕೋವಿ ಹಾರಿಸುತ್ತಾನೆ. ನನಗೆ ಸಿಕ್ಕಿದ ಧೈರ್ಯ ಇಷ್ಟು. ಯಾರೂ ತುಂಬಿದ್ದಲ್ಲ.

ಮುಟ್ಟದೆ ಬಿಟ್ಟ ಪತ್ರ ಇದೇ.

*ಸೋಮವಾರಪೇಟೆಯಿಂದ ಒಬ್ಬ ಗೃಹಿಣಿ:*

ಮುಚ್ಚಿಟ್ಟು ಮಾತ್ರ ಮದುವೆ ಮಾಡಬೇಡಿ. ಹುಡುಗಿಗೆ ಮೊದಲೇ ಎಲ್ಲ ಹೇಳಿ. ಒಪ್ಪುವವರು ಇದ್ದೇ ಇರುತ್ತಾರೆ. ಒಪ್ಪದಿದ್ದರೆ ಇಬ್ಬರಿಗೂ ಒಳ್ಳೆಯದೇ ಆಯಿತು.

ಮದುವೆ ಮಾಡಿಸುವ ಮಾತನ್ನು ಅಕ್ಕ ಎತ್ತಿರಲೇ ಇಲ್ಲ. ಆದರೂ ಬಂದ ಪತ್ರಗಳಲ್ಲಿ ಜಾಸ್ತಿ ಇದರದ್ದೇ. ಒಂದು ಸಾಕು ಅನಿಸಿತು.

*ಮಡಿಕೇರಿಯ ಆಪ್ತಸಮಾಲೋಚಕಿಯೊಬ್ಬರು:*

ಆಟಿಸಂ ಹುಟ್ಟಿನಿಂದ ಬಂದ ಸ್ವಭಾವ. ಅದನ್ನು ವಾಸಿ ಮಾಡುವ ಔಷಧಿ ಇಲ್ಲ, ಹುಡುಕುವುದೂ ಬೇಡ. ಆದರೆ ಅದರ ಜೊತೆಗೆ ಆತಂಕ, ಖಿನ್ನತೆ ಬರುವುದು ಸಾಮಾನ್ಯ. ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ತಮ್ಮ ಮದುವೆ, ನಾಮಕರಣಗಳಿಗೆ ಮಾತ್ರ ಬರುತ್ತಿಲ್ಲವೇ, ಅಥವಾ ಊಟ, ನಿದ್ದೆ, ಇಷ್ಟದ ಕೆಲಸವನ್ನೂ ಬಿಟ್ಟಿದ್ದಾರೆಯೇ ನೋಡಿ. ಬಿಟ್ಟಿದ್ದರೆ ತಡ ಮಾಡಬೇಡಿ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಫೋನ್ ಅಂದರೆ ಆಗದವರಿದ್ದಾರೆ, ಅಂಥವರ ಪರವಾಗಿ ಮನೆಯವರು ಮಾಡಿದರೂ ಆಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರಿ ಕೆಲಸದ ಮೀಸಲಾತಿಗೆ ಅಂಗವೈಕಲ್ಯ ಕನಿಷ್ಠ 40 ಶೇಕಡಾ ಎಂಬ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಬೇಕೋ ಬೇಡವೋ, ಯಾರಿಗೆ ಹೇಳಬೇಕು, ಯಾರಿಗೆ ಬೇಡ, ಇದೆಲ್ಲ ತಮ್ಮನ ತೀರ್ಮಾನ. ಅವ್ವನದಲ್ಲ, ನಿಮ್ಮದೂ ಅಲ್ಲ.

ಇನ್ನೊಂದು ಮಾತು. ಡೇಮಿಯನ್ ಮಿಲ್ಟನ್ ಎಂಬ ಬ್ರಿಟನ್ನಿನ ಸಂಶೋಧಕರಿಗೆ ಸ್ವತಃ ಆಟಿಸಂ ಇದೆ. ಆಟಿಸಂ ಇರುವವರಿಗೆ ಬೇರೆಯವರು ಅರ್ಥವಾಗದಷ್ಟೇ ಬೇರೆಯವರಿಗೆ ಅವರೂ ಅರ್ಥವಾಗುವುದಿಲ್ಲ, ತೊಡಕು ಎರಡೂ ಕಡೆ ಇದೆ ಎಂದು ಅವರು 2012ರಲ್ಲಿ ಬರೆದರು. ಬೆರೆಯುವುದನ್ನು ತಮ್ಮನೊಬ್ಬನೇ ಯಾಕೆ ಕಲಿಯಬೇಕು? ನೆಂಟರೂ ಸ್ವಲ್ಪ ಕಲಿಯಲಿ.

*ಸುಂಟಿಕೊಪ್ಪದ ಬೆಳೆಗಾರರೊಬ್ಬರು:*

ಆಟಿಸಂ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೆ ಲೆಕ್ಕ ಸರಿಯಾಗಿ ಬರೆಯುವವರು ಸಿಗುವುದು ಎಷ್ಟು ಕಷ್ಟ ಅಂತ ಗೊತ್ತು. ಕುಯ್ಲಿನ ಸಮಯದಲ್ಲಿ ಯಾರು ಎಷ್ಟು ಹಣ್ಣು ಕುಯ್ದರು, ಕಣದಲ್ಲಿ ಎಷ್ಟಿದೆ, ತೇವ ಎಷ್ಟು, ಎಷ್ಟು ಚೀಲ ಹೋಯಿತು, ಇದೆಲ್ಲ ತಪ್ಪದೆ ಬರೆಯಬೇಕು. ನಿಮ್ಮ ತಮ್ಮನಿಗೆ ಇಷ್ಟವಿದ್ದರೆ ನಮ್ಮ ತೋಟದ ಲೆಕ್ಕವನ್ನೂ ನೋಡಲಿ. ಸಂಬಳ ಕೊಡುತ್ತೇನೆ. ಮನೆಯಲ್ಲಿ ಕೂತೇ ಮಾಡಬಹುದು. ನಾನೂ ಮಾತು ಕಡಿಮೆ.

ಈ ಪತ್ರಗಳನ್ನು ಅಚ್ಚಿಗೆ ಮುಂಚೆಯೇ ಅಕ್ಕನಿಗೆ ಕಳಿಸಿದ್ದೆವು. ತಮ್ಮನಿಗೂ ತೋರಿಸಿ ಎಂದು ಕೇಳಿಕೊಂಡಿದ್ದೆವು. ಅಕ್ಕ ಉದ್ದದ ಉತ್ತರ ಬರೆದಿದ್ದಾರೆ. ಅದನ್ನು ಪ್ರಕಟಿಸುವುದು ಬೇಡ ಎಂದು ತಮ್ಮ ಹೇಳಿದ್ದರಿಂದ ಪ್ರಕಟಿಸುತ್ತಿಲ್ಲ. ಸುಂಟಿಕೊಪ್ಪದವರ ವಿಳಾಸವನ್ನು ತಮ್ಮನೇ ಬೇರೆಯಾಗಿ ಬರೆದು ಕೇಳಿದ್ದಾರೆ. ಕಳಿಸಿದ್ದೇವೆ.