ತೋಟದ ಶತಾವರಿ ಬೇರು ಬಾಣಂತಿಗೆ ಕೊಡ್ಬಹುದಾ, ಗುರ್ತು ಹಿಡಿಯೋದು ಹೇಗೆ?

ಗುಡ್ಡೆತೋಟದ_ಅಕ್ಕ:
ನಮ್ಮದು ಬದಿಯಡ್ಕ ಹತ್ರ. ತಂಗಿ ಬಾಣಂತನಕ್ಕೆ ಬಂದಿದ್ದಾಳೆ, ಹಾಲು ಕಮ್ಮಿ ಅಂತ ಅಮ್ಮನಿಗೆ ಚಿಂತೆ, ಅಗಳಿನ ಬದಿಯಲ್ಲಿ ಶತಾವರಿ ಉಂಟಲ್ವಾ ಅದರ ಬೇರು ಹಾಲಲ್ಲಿ ಕಾಯಿಸಿ ಕೊಡುವ ಅಂತ ಹೇಳ್ತಿದ್ದಾರೆ. ಆದ್ರೆ ಅಲ್ಲೇ ಮಳೆಗಾಲದಲ್ಲಿ ಕೆಂಪು ಹಳದಿ ಹೂ ಬಿಡುವ ಇನ್ನೊಂದು ಬಳ್ಳಿ ಇತ್ತು, ಈಗ ಒಣಗಿ ಹೋಗಿದೆ. ಬೇರು ಅದಲು ಬದಲಾದ್ರೆ ತೊಂದ್ರೆ ಉಂಟಾ? ಕ್ಲೀನ್ ಮಾಡೋದು ಹೇಗೆ?

ನಾಟಿಗಿಡ_ಪೆರ್ಲ:
ಅಕ್ಕ, ದೊಡ್ಡ ತೊಂದ್ರೆ ಉಂಟು. ಆ ಹೂವಿನ ಬಳ್ಳಿ ಅಗ್ನಿಶಿಖೆಯೇ ಇರ್ಬೇಕು, ಮಲಯಾಳದವ್ರು ಮೇನ್ತೋನ್ನಿ ಅಂತಾರೆ, ತಮಿಳುನಾಡಿನ ರಾಜ್ಯ ಹೂವು ಅದೇ. ಗಡ್ಡೆಯಲ್ಲಿ ಕಾಲ್ಚಿಸಿನ್ ವಿಷ, ಹೊಟ್ಟೆಗೆ ಹೋದ್ರೆ ಕೆಲವು ಗಂಟೆಯಲ್ಲೇ ವಾಂತಿ ಭೇದಿ ಶುರುವಾಗ್ತದೆ, ಜನ ಸತ್ತದ್ದೂ ಉಂಟು, ಕಾಯಿಸಿದ್ರೆ ವಿಷ ಹೋಗೋದೂ ಇಲ್ಲ. ಆಯುರ್ವೇದದಲ್ಲಿ ಲಾಂಗಲಿ ಅಂತ ಉಪವಿಷದ ಲೆಕ್ಕದಲ್ಲಿ ಬರ್ತದೆ, ಗೋಮೂತ್ರದಲ್ಲಿ ಶುದ್ಧಿ ಮಾಡಿಯೇ ಬಳಸೋದು.

ಶತಾವರಿ ದಂಟಲ್ಲಿ ಬಾಗಿದ ಮುಳ್ಳು ಇರ್ತದೆ, ಎಲೆ ಸೂಜಿಯಷ್ಟು ಸಪೂರ. ಬುಡದಲ್ಲಿ ಬೆರಳು ದಪ್ಪದ ಬೇರು ಗೊಂಚಲು ಗೊಂಚಲು, ಎರಡೂ ತುದಿ ಚೂಪು, ಮುರಿದ್ರೆ ನಡುವಲ್ಲಿ ಗಟ್ಟಿ ನಾರು ಸಿಗ್ತದೆ. ಅಗ್ನಿಶಿಖೆಯದ್ದು ಗೊಂಚಲಲ್ಲ, ವಿ ಆಕಾರಕ್ಕೆ ಕವಲೊಡೆದ ಗಡ್ಡೆ, ಒಳಗೆ ನಾರಿಲ್ಲ. ಬಳ್ಳಿ ಒಣಗಿದ ಮೇಲೆ ಮೇಲಿಂದ ಗೊತ್ತೇ ಆಗೋದಿಲ್ಲ, ಹಾಗಾಗಿ ಮುಳ್ಳಿನ ದಂಟು ಹಿಡಿದು ಅದರ ಬುಡದಿಂದಲೇ ಅಗೆಯಿರಿ. ಬಿಡಿ ಗಡ್ಡೆ ಯಾವ್ದು ಸಿಕ್ಕಿದ್ರೂ ಒಳಗೆ ತರ್ಬೇಡಿ.

ಕುಂಬ್ಳೆಯ_ಅತ್ತೆ:
ನಾವು ಮಾಡೋದು ಹೀಗೆ. ಮಣ್ಣು ಹೋಗುವ ಹಾಗೆ ತೊಳೆದು ಬಿಸಿ ನೀರಲ್ಲಿ ಒಂದು ಕುದಿ ಬರಿಸಿದ್ರೆ ಸಿಪ್ಪೆ ಕೈಯಲ್ಲೇ ಕಿತ್ತು ಬರ್ತದೆ, ಮತ್ತೆ ಉದ್ದಕ್ಕೆ ಸೀಳಿ ನಡುವಿನ ನಾರು ಎಳೆದು ತೆಗೀಬೇಕು, ಅದು ಇದ್ರೆ ಅರೆಯುವಾಗ ನುಣ್ಣಗಾಗೋದಿಲ್ಲ. ಉಳಿದದ್ದು ಒಣಗಿಸಿ ಪುಡಿ ಮಾಡಿ ಇಡ್ಬಹುದು. ಪಿಕ್ಕಾಸಲ್ಲಿ ಇಡೀ ಬುಡ ಕಿತ್ತು ಹಾಕ್ಬೇಡಿ ಮಾರಾಯ್ರೆ, ಮೊಳಕೆ ಇರುವ ತುಂಡು ವಾಪಸ್ ನೆಟ್ರೆ ಗಿಡ ಪುನಃ ಬರ್ತದೆ.

ನರ್ಸ್_ಉಪ್ಪಳ:
ಬೇರಿನ ವಿಷಯಕ್ಕಿಂತ ಮೊದಲು ಮಗು ನೋಡಿ. ಐದು ದಿನ ಕಳೆದ ಮಗು ದಿವಸಕ್ಕೆ ಆರು ಸಲವಾದ್ರೂ ಮೂತ್ರ ಮಾಡ್ತಾ ಇದ್ದು ತೂಕ ಏರ್ತಾ ಇದ್ರೆ ಹಾಲು ಸಾಕು ಅಂತಲೇ ಲೆಕ್ಕ. ಆಗಾಗ ಕುಡಿಸೋದು, ಮಗು ಬಾಯಿ ಸರಿ ಇಡೋದು, ಇದರಿಂದಲೇ ಹೆಚ್ಚಿನವರಿಗೆ ಹಾಲು ಏರ್ತದೆ. ಶತಾವರಿ ಬಗ್ಗೆ ಆದ ಪರೀಕ್ಷೆಗಳು ಸಣ್ಣವು, ಫಲಿತಾಂಶ ಒಂದೇ ಥರ ಬಂದಿಲ್ಲ. ಕೊಡ್ಲೇಬೇಕು ಅಂತಿದ್ರೆ ವೈದ್ಯರನ್ನ ಕೇಳಿ, ಒಳ್ಳೆ ಆಯುರ್ವೇದ ಅಂಗಡಿಯ ಶತಾವರಿ ಗುಳಂ (ಬೆಲ್ಲ ಹಾಕಿದ ಲೇಹ್ಯ) ತಗೊಳ್ಳಿ. ಪಕ್ಕದಲ್ಲೇ ಅಗ್ನಿಶಿಖೆ ಇರುವ ಜಾಗದ ಬೇರು ಬಾಣಂತಿಗೆ ನಾನಾದ್ರೆ ಕೊಡೋದಿಲ್ಲ.

ಗುಡ್ಡೆತೋಟದ_ಅಕ್ಕ:
ಅಮ್ಮನಿಗೆ ಎಲ್ಲ ಓದಿ ಹೇಳಿದೆ, ಅಗೆಯೋದು ಬೇಡ ಅಂತ ಒಪ್ಪಿದ್ರು. ನಾಳೆ ಮಗುವಿನ ತೂಕ ನೋಡ್ಲಿಕ್ಕೆ ಹೋಗ್ತೇವೆ.