ಪಿಯುಸಿ ಮುಗಿಸಿದ ಮೇಲೆ ವಿದ್ಯಾರ್ಥಿವೇತನ: ಎಲ್ಲಿ ಹುಡುಕಬೇಕು, ಯಾವ ಕಾಗದಪತ್ರ ಮೊದಲು?

ಪ್ರಶ್ನೆ: ದ್ವಿತೀಯ ಪಿಯು ವಿದ್ಯಾರ್ಥಿನಿ, ಲಗ್ಗೆರೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ವಿಭಾಗದಲ್ಲಿ ಓದಿ, ಈ ಸಲ ದ್ವಿತೀಯ ಪಿಯುಸಿ ಪರೀಕ್ಷೆ-1 ಬರೆದಿದ್ದೇನೆ. ಫಲಿತಾಂಶ ಇನ್ನೂ ಬರಬೇಕಿದೆ. ಎಸ್‌ಎಸ್‌ಎಲ್‌ಸಿಯನ್ನೂ ಸರ್ಕಾರಿ ಪ್ರೌಢಶಾಲೆಯಲ್ಲಿಯೇ ಮುಗಿಸಿದ್ದೇನೆ. ತಂದೆಯವರು ಗಾರೆ ಕೆಲಸ ಮಾಡುತ್ತಾರೆ. ತಾಯಿ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಟೈಲರ್ ಆಗಿದ್ದಾರೆ. ನಾವು ಪ್ರವರ್ಗ 2ಎಗೆ ಸೇರಿದವರು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಎಂಜಿನಿಯರಿಂಗ್, ಇಲ್ಲವಾದರೆ ಬಿಎಸ್ಸಿ ಸೇರಬೇಕೆಂದಿದ್ದೇನೆ.

ವಿದ್ಯಾರ್ಥಿವೇತನಗಳ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಸ್‌ಎಸ್‌ಪಿ ಎಂದು ಕೆಲವರು, ಎನ್‌ಎಸ್‌ಪಿ ಎಂದು ಕೆಲವರು, ಕಂಪನಿಗಳ ಫೌಂಡೇಷನ್‌ಗಳೇ ಹೆಚ್ಚು ಹಣ ಕೊಡುತ್ತವೆ ಎಂದು ಮತ್ತೆ ಕೆಲವರು. ಎಲ್ಲದಕ್ಕೂ ಅರ್ಜಿ ಹಾಕಬಹುದೇ, ಅಥವಾ ಒಂದು ಪಡೆದರೆ ಇನ್ನೊಂದು ಸಿಗುವುದಿಲ್ಲವೇ? ಇನ್ನೊಂದು ಚಿಂತೆಯೂ ಇದೆ. ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಇನಿಷಿಯಲ್ ಮಾತ್ರ ಇದೆ, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರು ಸೇರಿಕೊಂಡಿದೆ. ಇದರಿಂದ ಅರ್ಜಿ ತಿರಸ್ಕೃತವಾಗುತ್ತದೆಯೇ? ಫಲಿತಾಂಶ ಬರುವವರೆಗೆ ನಾನು ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಪದವಿ ಕಾಲೇಜಿನ ಉಪನ್ಯಾಸಕಿ, ವಿಜಯನಗರ

ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುವ ಹೊಣೆ ನನ್ನದು. ನೀವು ಈ ಪ್ರಶ್ನೆಯನ್ನು ಪ್ರವೇಶಾತಿಗೆ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಅರ್ಹತೆ ಇದ್ದೂ ಹಣ ಬಾರದೆ ಉಳಿಯುವ ಮಕ್ಕಳಲ್ಲಿ ಹೆಚ್ಚಿನವರಿಗೆ ಯೋಜನೆಯ ಹೆಸರು ಗೊತ್ತಿರುತ್ತದೆ. ಅವರನ್ನು ತಡೆಯುವುದು ಕಾಗದಪತ್ರಗಳಲ್ಲಿನ ವ್ಯತ್ಯಾಸ. ಪೋರ್ಟಲ್ ತೆರೆದ ಮೇಲೆ ಅದನ್ನು ಸರಿಪಡಿಸಲು ಓಡಾಡುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿರುತ್ತದೆ. ದಿನಾಂಕವನ್ನು ವಿಸ್ತರಿಸುವ ರೂಢಿ ಇರುವುದು ನಿಜ, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಆದ್ದರಿಂದ ಮೊದಲು ಹೆಸರಿನ ವಿಷಯ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಮೂಲವೆಂದು ಇಟ್ಟುಕೊಂಡು ಆಧಾರ್ ಅನ್ನು ಅದಕ್ಕೆ ಹೊಂದಿಸಿಕೊಳ್ಳಿ. ಅಂಕಪಟ್ಟಿಯನ್ನು ತಿದ್ದಿಸಬೇಕಾದರೆ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ಅದು ದೀರ್ಘ ದಾರಿ. ಆಧಾರ್ ತಿದ್ದುಪಡಿಯನ್ನು ಆಧಾರ್ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಆದರೆ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಿಸಲು ಅವಕಾಶವಿರುವುದರಿಂದ, ಕೇಂದ್ರದವರು ಕೊಡುವ ಸ್ವೀಕೃತಿ ಚೀಟಿಯಲ್ಲಿ ಒಂದೊಂದು ಅಕ್ಷರವನ್ನೂ, ಇನಿಷಿಯಲ್‌ಗೂ ಹೆಸರಿಗೂ ನಡುವಿನ ಖಾಲಿ ಜಾಗವನ್ನೂ ನೋಡಿಯೇ ಹೊರಡಿ. ಹೋದ ಕೈಯಲ್ಲೇ ಮೊಬೈಲ್ ಸಂಖ್ಯೆ ಸರಿಯಿದೆಯೇ ಎಂದು ಪರೀಕ್ಷಿಸಿ, ಹದಿನೈದು ವರ್ಷ ತುಂಬಿದ ಬಳಿಕ ಕಡ್ಡಾಯವಾಗಿ ಮಾಡಿಸಬೇಕಾದ ಬಯೋಮೆಟ್ರಿಕ್ ನವೀಕರಣ ಬಾಕಿಯಿದ್ದರೆ ಅದನ್ನೂ ಮುಗಿಸಿಕೊಳ್ಳಿ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಿಂದ ಪಡೆದ ಈ ಪತ್ರದ ಮೇಲೆ ಆರ್‌ಡಿ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ, ಆ ಸಂಖ್ಯೆಯನ್ನು ಹಾಕಿದೊಡನೆ ನಿಮ್ಮ ಪ್ರವರ್ಗ ಮತ್ತು ಆದಾಯವನ್ನು ಕಂದಾಯ ಇಲಾಖೆಯ ದತ್ತಾಂಶದಿಂದ ತಾನೇ ತೆಗೆದುಕೊಳ್ಳುತ್ತದೆ. ಪ್ರೌಢಶಾಲೆಯಲ್ಲಿದ್ದಾಗ ಮಾಡಿಸಿದ ಪತ್ರವಾದರೆ ಅದರ ಅವಧಿ ಮುಗಿದಿದೆಯೇ ಎಂದು ಇಂದೇ ನೋಡಿ. ತಂದೆಯ ಹೆಸರಿನಲ್ಲಿರುವ ಪತ್ರವನ್ನು ಕೊಟ್ಟು ನಡೆಯುತ್ತದೆಂದುಕೊಳ್ಳುವವರಿದ್ದಾರೆ. ವಿದ್ಯಾರ್ಥಿಯ ಹೆಸರಿನಲ್ಲಿಯೇ ಇರಬೇಕು. ಆಧಾರ್ ತಿದ್ದಿಸಿದ ಬಳಿಕವೇ ಹೊಸ ಪತ್ರಕ್ಕೆ ಅರ್ಜಿ ಕೊಡುವುದು ಸೂಕ್ತ, ಇಲ್ಲವಾದರೆ ಹಳೆಯ ಹೆಸರು ಅದರಲ್ಲಿಯೂ ಬಂದು ಸೇರುತ್ತದೆ.

ಕಾಲೇಜಿಗೆ ಸೇರಿದ ನಂತರ ನಿಮ್ಮ ದಾಖಲೆಗಳ ಇ-ದೃಢೀಕರಣವನ್ನು ಕಾಲೇಜಿನ ಅಧಿಕಾರಿಯಿಂದ ಮಾಡಿಸಿಕೊಳ್ಳಬೇಕು. ಅದರಿಂದ ಬರುವ ಸಂಖ್ಯೆ ಇಲ್ಲದೆ ಎಸ್‌ಎಸ್‌ಪಿ ಅರ್ಜಿ ಮುಂದುವರಿಯುವುದಿಲ್ಲ. ಪ್ರವೇಶಾತಿ ಮುಗಿದ ವಾರದಲ್ಲೇ ಆ ಅಧಿಕಾರಿ ಯಾರೆಂದು ಕೇಳಿ ತಿಳಿದುಕೊಳ್ಳಿ. ಕೊನೆಯ ವಾರದಲ್ಲಿ ಅವರ ಕೊಠಡಿಯ ಮುಂದೆ ಇಡೀ ಕಾಲೇಜೇ ನಿಂತಿರುತ್ತದೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಹಾಸ್ಟೆಲ್ ಸಿಗದವರಿಗೆ ಊಟ ಮತ್ತು ವಸತಿಗಾಗಿ ಕೊಡುವ ವಿದ್ಯಾಸಿರಿ, ಇವೆಲ್ಲಕ್ಕೂ ಬಾಗಿಲು ಎಸ್‌ಎಸ್‌ಪಿಯೇ. ಆದಾಯದ ಮಿತಿ ಪ್ರವರ್ಗದಿಂದ ಪ್ರವರ್ಗಕ್ಕೆ ಬೇರೆಯಾಗಿರುವುದರಿಂದ, ನೆರೆಮನೆಯವರಿಗೆ ಸಿಗಲಿಲ್ಲವೆಂದು ನೀವು ಅರ್ಜಿ ಹಾಕದೆ ಬಿಡಬೇಡಿ.

ಉತ್ತರ 2: ಬಿಎಸ್ಸಿ ಅಂತಿಮ ವರ್ಷದ ವಿದ್ಯಾರ್ಥಿನಿ, ಯಲಹಂಕ

ಮೇಡಂ ಅವರು ರಾಜ್ಯದ ಯೋಜನೆಗಳನ್ನು ವಿವರಿಸಿದ್ದಾರೆ. ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎನ್‌ಎಸ್‌ಪಿ, ಬೇರೆಯೇ ವ್ಯವಸ್ಥೆ. ಅಲ್ಲಿ ಮೊದಲು ಒಮ್ಮೆ ಮಾತ್ರ ಮಾಡುವ ನೋಂದಣಿಯೊಂದಿದೆ. ಆಧಾರ್ ಮತ್ತು ಮುಖ ದೃಢೀಕರಣದ ಮೂಲಕ ಸಿಗುವ ಆ ಹದಿನಾಲ್ಕು ಅಂಕಿಗಳ ಸಂಖ್ಯೆ ಓದು ಮುಗಿಯುವವರೆಗೂ ನಿಮ್ಮದೇ. ಅದನ್ನು ಆಧಾರ್ ಸರಿಯಾದ ಮೇಲೆ, ಪ್ರವೇಶಾತಿಯ ಗಡಿಬಿಡಿಗೆ ಮುನ್ನ ಪಡೆದುಕೊಳ್ಳಬಹುದು.

ನನಗೆ ಬರುತ್ತಿರುವುದು ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗಾಗಿ ಇರುವ ಕೇಂದ್ರ ವಲಯದ ವಿದ್ಯಾರ್ಥಿವೇತನ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ದೇಶದಾದ್ಯಂತ ವರ್ಷಕ್ಕೆ 82,000 ಹೊಸ ವೇತನಗಳಿದ್ದು, ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ರಾಜ್ಯದ ಪಾಲನ್ನು ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರಂತೆ ಹಂಚುತ್ತಾರೆ. ನಿಮ್ಮ ಮಂಡಳಿಯಲ್ಲಿ, ನಿಮ್ಮ ವಿಭಾಗದಲ್ಲಿ ತೇರ್ಗಡೆಯಾದವರ ಪೈಕಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಅಂದರೆ ಅಂಕಗಳಲ್ಲಿ ಮೇಲಿನ ಶೇ 20 ಮಂದಿಯೊಳಗೆ ಬರಬೇಕು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಿರಬಾರದು. ಪರ್ಸೆಂಟೈಲ್ ಮತ್ತು ಶೇಕಡಾವಾರು ಅಂಕ ಒಂದೇ ಅಲ್ಲ ಎಂಬುದನ್ನು ಗಮನಿಸಿ: ಶೇ 80 ಅಂಕ ಬಂದವರೆಲ್ಲರೂ ಅರ್ಹರಾಗುವುದಿಲ್ಲ. ದೂರಶಿಕ್ಷಣ ಮತ್ತು ಡಿಪ್ಲೊಮಾ ಓದುವವರಿಗೆ ಇದು ಅನ್ವಯಿಸುವುದಿಲ್ಲ.

ಒಂದು ಪಡೆದರೆ ಇನ್ನೊಂದು ಸಿಗುವುದಿಲ್ಲವೇ ಎಂದು ಕೇಳಿದ್ದೀರಿ. ಈ ಯೋಜನೆಯಲ್ಲಿ ಸಿಗುವುದಿಲ್ಲ. ರಾಜ್ಯದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಅಥವಾ ಮರುಪಾವತಿ ಪಡೆಯುತ್ತಿರುವವರು ಇದನ್ನು ಪಡೆಯುವಂತಿಲ್ಲ. ಹಾಗಾಗಿ ಲೆಕ್ಕ ಹಾಕಿ ಆರಿಸಬೇಕು. ಎಂಜಿನಿಯರಿಂಗ್ ಸೇರಿ, ರಾಜ್ಯದಿಂದ ದೊಡ್ಡ ಮೊತ್ತದ ಶುಲ್ಕ ವಿನಾಯಿತಿ ಸಿಗುವುದಾದರೆ ಅದನ್ನೇ ಉಳಿಸಿಕೊಳ್ಳುವುದು ಮೇಲು; ಶುಲ್ಕ ಕಡಿಮೆಯಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎಸ್ಸಿ ಸೇರಿದರೆ ಕೇಂದ್ರದ 12,000 ರೂಪಾಯಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಾನು ಎರಡನೆಯ ದಾರಿ ಹಿಡಿದೆ. ಪುಸ್ತಕ, ಪ್ರಯೋಗಾಲಯದ ದಾಖಲೆ ಪುಸ್ತಕ, ಪರೀಕ್ಷಾ ಶುಲ್ಕಗಳಿಗೆ ಮನೆಯಲ್ಲಿ ಕೇಳುವ ಪರಿಸ್ಥಿತಿ ನನಗೆ ಬರಲಿಲ್ಲ.

ನವೀಕರಣವನ್ನು ಮಾತ್ರ ಮರೆಯಬೇಡಿ. ಪ್ರತಿ ವರ್ಷ ಶೇ 50 ಅಂಕ ಮತ್ತು ಶೇ 75 ಹಾಜರಾತಿ ಇರಬೇಕು, ಹೊಸದಾಗಿ ಅರ್ಜಿಯನ್ನೂ ಸಲ್ಲಿಸಬೇಕು. ನೀವು ಎಂಜಿನಿಯರಿಂಗ್ ಸೇರುವುದಾದರೆ ಇದೇ ಪೋರ್ಟಲ್‌ನಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಪ್ರಗತಿ ಯೋಜನೆಯನ್ನೂ ನೋಡಿ. ಅದು ತಾಂತ್ರಿಕ ಶಿಕ್ಷಣ ಪಡೆಯುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಕೊಡುತ್ತದೆ. ಆದಾಯ ಮಿತಿ 8 ಲಕ್ಷ, ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶ. ಅದಕ್ಕೂ ಬೇರೆ ವೇತನ ಪಡೆಯಬಾರದೆಂಬ ಷರತ್ತಿದೆ.

ಉತ್ತರ 3: ನಿವೃತ್ತ ಬ್ಯಾಂಕ್ ಉದ್ಯೋಗಿ, ರಾಜಾಜಿನಗರ

ಒಂದೇ ವಿಷಯವನ್ನು ಸೇರಿಸುತ್ತೇನೆ. ಅರ್ಜಿ ಮಂಜೂರಾಗಿ, ಹಣ ಮಾತ್ರ ಬರಲಿಲ್ಲವೆಂದು ಪೋಷಕರು ಶಾಖೆಗೆ ಬರುತ್ತಿದ್ದರು. ವಿಚಾರಿಸಿದರೆ, ಖಾತೆಗೆ ಆಧಾರ್ ಕೊಟ್ಟಿದ್ದೇವಲ್ಲ ಎನ್ನುತ್ತಿದ್ದರು. ಕೆವೈಸಿಗಾಗಿ ಆಧಾರ್ ಪ್ರತಿ ಕೊಡುವುದು ಒಂದು ಕೆಲಸ, ನೇರ ನಗದು ವರ್ಗಾವಣೆಗಾಗಿ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಮ್ಯಾಪರ್‌ನಲ್ಲಿ, ಅಂದರೆ ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿಯಲ್ಲಿ, ಖಾತೆಯನ್ನು ಆಧಾರ್‌ಗೆ ಜೋಡಿಸುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ನಮೂನೆಗೆ ಸಹಿ ಮಾಡಬೇಕು. ಹಣ ಹೋಗುವುದು ನೀವು ಅರ್ಜಿ ಹಾಕುವಾಗ ಮನಸ್ಸಿನಲ್ಲಿಟ್ಟುಕೊಂಡ ಖಾತೆಗಲ್ಲ, ಆ ಮ್ಯಾಪರ್‌ನಲ್ಲಿ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಚಿಕ್ಕಂದಿನಲ್ಲಿ ಶಾಲೆಯವರು ತೆರೆಸಿದ, ಈಗ ಚಾಲ್ತಿಯಲ್ಲಿಲ್ಲದ ಖಾತೆಗೇ ಜೋಡಣೆ ಉಳಿದಿರುವುದು ಸಾಮಾನ್ಯ.

ಆಧಾರ್ ಪ್ರಾಧಿಕಾರದ (ಯುಐಡಿಎಐ) ಮೈಆಧಾರ್ ತಾಣದಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್, ಅಂದರೆ ಜೋಡಣೆಯ, ಸ್ಥಿತಿಯನ್ನು ನೋಡಿದರೆ ಯಾವ ಬ್ಯಾಂಕ್ ಎಂಬುದು ತಿಳಿಯುತ್ತದೆ. ರಾಜ್ಯದ ಹಣ ಬಂದಿದೆಯೇ ಎಂದು ತಿಳಿಯಲು ಡಿಬಿಟಿ ಕರ್ನಾಟಕ ಎಂಬ ಆ್ಯಪ್ ಇದೆ. ಖಾತೆ ವಿದ್ಯಾರ್ಥಿಯ ಹೆಸರಿನಲ್ಲಿಯೇ ಇರಲಿ. ಹತ್ತಿರದ ಬ್ಯಾಂಕಿನಲ್ಲಿ ತಡವಾಗುತ್ತಿದ್ದರೆ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಆಧಾರ್ ಆಧಾರದ ಮೇಲೆ ಖಾತೆ ತೆರೆದು ಅಲ್ಲಿಯೇ ಜೋಡಣೆಗೆ ಕೊಡಬಹುದು.

ಉತ್ತರ 4: ಕಾರ್ಮಿಕ ಸಂಘಟನೆಯ ಕಾರ್ಯಕರ್ತ, ಪೀಣ್ಯ

ತಂದೆ ಗಾರೆ ಕೆಲಸ, ತಾಯಿ ಗಾರ್ಮೆಂಟ್ಸ್ ಎಂದು ಬರೆದಿದ್ದೀರಿ. ಇವೆರಡಕ್ಕೂ ಬೇರೆ ಬೇರೆ ಮಂಡಳಿಗಳಿವೆ, ಹೆಸರುಗಳು ಹತ್ತಿರವಾಗಿರುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ. ತಂದೆಯವರ ಬಳಿ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ, ನಾವು ಲೇಬರ್ ಕಾರ್ಡ್ ಎನ್ನುವುದು, ಇದ್ದರೆ ಆ ಮಂಡಳಿಯ ಶೈಕ್ಷಣಿಕ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಕಾರ್ಡ್ ನವೀಕರಣವಾಗಿರಬೇಕು. ಒಂದು ಕುಟುಂಬದಲ್ಲಿ ಇಬ್ಬರು ಮಕ್ಕಳಿಗೆ ಇದು ಅನ್ವಯಿಸುತ್ತದೆ.

ತಾಯಿಯವರ ವಿಷಯದಲ್ಲಿ ನೋಡಬೇಕಾದದ್ದು ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ. ಕಾರ್ಖಾನೆಯ ಕಾರ್ಮಿಕರ ಸಂಬಳದಿಂದ ವರ್ಷಕ್ಕೊಮ್ಮೆ ಸಣ್ಣ ವಂತಿಗೆ ಕಡಿತವಾಗಿ, ಮಾಲೀಕರ ಪಾಲಿನೊಂದಿಗೆ ಈ ಮಂಡಳಿಗೆ ಹೋಗುತ್ತದೆ. ಸಂಬಳದ ಚೀಟಿಯಲ್ಲಿ ಆ ಕಡಿತ ಕಾಣುತ್ತದೆ. ಎಷ್ಟೋ ತಾಯಂದಿರು ವರ್ಷಾನುಗಟ್ಟಲೆ ವಂತಿಗೆ ಕೊಟ್ಟೂ, ಮಕ್ಕಳಿಗೆ ಪ್ರೋತ್ಸಾಹ ಧನ ಕೇಳಬಹುದೆಂಬುದನ್ನು ತಿಳಿಯದೆ ಉಳಿದಿದ್ದಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅರ್ಜಿಗೆ ಕಾರ್ಖಾನೆಯವರ ದೃಢೀಕರಣ ಬೇಕಾಗುವುದರಿಂದ ತಾಯಿಯವರು ಎಚ್‌ಆರ್ ವಿಭಾಗದಲ್ಲಿ ಈಗಲೇ ಒಂದು ಮಾತು ಹೇಳಿಡಲಿ.

ಪ್ರಶ್ನೆ ಕೇಳಿದವರು:

ಮೇಡಂ, ಸರ್, ಅಕ್ಕ, ಎಲ್ಲರಿಗೂ ಧನ್ಯವಾದಗಳು. ಆಧಾರ್ ತಿದ್ದುಪಡಿಗೆ ಈ ವಾರವೇ ಹೋಗುತ್ತೇನೆ. ತಂದೆಯವರ ಲೇಬರ್ ಕಾರ್ಡ್ ಇದೆ, ನವೀಕರಣ ಬಾಕಿಯಿದೆ, ಅದನ್ನೂ ಮಾಡಿಸುತ್ತೇವೆ. ಕಂಪನಿಗಳ ಫೌಂಡೇಷನ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ಅವುಗಳಲ್ಲಿ ನಿಮ್ಮ ಬಗ್ಗೆ ಬರೆಯಿರಿ ಎಂದು ಕೇಳುತ್ತಾರಂತೆ. ಅಲ್ಲಿ ಏನು ಬರೆಯಬೇಕು?

ಉತ್ತರ 5: ಪದವಿ ಕಾಲೇಜಿನ ಉಪನ್ಯಾಸಕಿ, ವಿಜಯನಗರ

ನಿಮಗೆ ಮೊದಲು ಹೇಳಬೇಕಾದದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್‌ನ ವಿದ್ಯಾರ್ಥಿವೇತನ. ಹತ್ತು ಮತ್ತು ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಶಾಲಾ ಕಾಲೇಜುಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ, ಪದವಿ ಅಥವಾ ಡಿಪ್ಲೊಮಾ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಈ ಯೋಜನೆ 2025-26ರಲ್ಲಿ ಕರ್ನಾಟಕದಲ್ಲಿಯೂ ಇತ್ತು. ನಿಮ್ಮ ಹಿನ್ನೆಲೆಗೆ ಇದು ನೇರವಾಗಿ ಹೊಂದುತ್ತದೆ. ಎಂಜಿನಿಯರಿಂಗ್ ಸೇರಿದರೆ ಇನ್ಫೋಸಿಸ್ ಫೌಂಡೇಷನ್‌ನ ಸ್ಟೆಮ್ ಸ್ಟಾರ್ಸ್ ಇದೆ. ಅದು ಮೊದಲ ವರ್ಷದ ವಿದ್ಯಾರ್ಥಿನಿಯರಿಗೆ ಮಾತ್ರ, ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ. ರಿಲಯನ್ಸ್ ಫೌಂಡೇಷನ್‌ನದೂ ಮೊದಲ ವರ್ಷದವರಿಗೇ ಮೀಸಲು, ಅದರಲ್ಲಿ ಆನ್‌ಲೈನ್ ಸಾಮರ್ಥ್ಯ (ಆಪ್ಟಿಟ್ಯೂಡ್) ಪರೀಕ್ಷೆ ಇರುತ್ತದೆ. ಎರಡನೇ ವರ್ಷದಲ್ಲಿ ನೋಡೋಣವೆಂದು ಮುಂದೂಡಿದರೆ ಈ ಬಾಗಿಲುಗಳು ಮುಚ್ಚಿರುತ್ತವೆ. ಬೇರೆ ವೇತನದೊಂದಿಗೆ ಇವನ್ನು ಪಡೆಯಬಹುದೇ ಎಂಬುದನ್ನು ಒಂದೊಂದರ ಷರತ್ತು ಓದಿಯೇ ತಿಳಿಯಬೇಕು.

ಬರವಣಿಗೆಯ ವಿಷಯಕ್ಕೆ ಬಂದರೆ, ಬಡ ಕುಟುಂಬದಿಂದ ಬಂದವಳು, ದಯಮಾಡಿ ಸಹಾಯ ಮಾಡಿ ಎಂಬ ಸಾಲನ್ನು ಬಿಟ್ಟುಬಿಡಿ. ಓದುವವರ ಮುಂದೆ ಅಂಥ ಅರ್ಜಿಗಳೇ ರಾಶಿ ಬಿದ್ದಿರುತ್ತವೆ, ನೀವು ಯಾರೆಂಬುದು ಅದರಿಂದ ಅವರಿಗೆ ತಿಳಿಯುವುದಿಲ್ಲ. ಮಳೆಗಾಲದಲ್ಲಿ ತಂದೆಯ ಕೆಲಸ ನಿಂತಾಗ ಮನೆಯ ಬಾಡಿಗೆಯನ್ನು ಯಾರ ಸಂಬಳದಿಂದ ಕಟ್ಟುತ್ತೀರಿ, ಸಂಜೆ ಓದಲು ಎಲ್ಲಿ ಕೂರುತ್ತೀರಿ, ವಿಜ್ಞಾನದ ಯಾವ ಪಾಠ ನಿಮ್ಮನ್ನು ಹಿಡಿದು ನಿಲ್ಲಿಸಿತು, ಕೊಟ್ಟ ಹಣದಲ್ಲಿ ಶುಲ್ಕಕ್ಕೆಷ್ಟು, ಪುಸ್ತಕಕ್ಕೆಷ್ಟು, ಇವನ್ನು ನಿಮ್ಮ ಮಾತಿನಲ್ಲಿಯೇ ಬರೆಯಿರಿ. ಮೊದಲು ಕನ್ನಡದಲ್ಲಿ ಬರೆದುಕೊಂಡು, ಇಂಗ್ಲಿಷಿನಲ್ಲಿ ಕೇಳಿದ್ದರೆ ನಿಮ್ಮ ಇಂಗ್ಲಿಷ್ ಉಪನ್ಯಾಸಕರಿಗೆ ತೋರಿಸಿ. ಸೈಬರ್ ಸೆಂಟರ್‌ನವರು ಕೊಡುವ ಸಿದ್ಧ ಬರಹವನ್ನು ಹಾಕಬೇಡಿ.

ಅರ್ಜಿ ಶುಲ್ಕ ಕೇಳುವ, ಮಂಜೂರು ಮಾಡಿಸುತ್ತೇವೆಂದು ಕಮಿಷನ್ ಕೇಳುವ, ಓಟಿಪಿ ಕೇಳುವ ಕರೆಗಳು ಫಲಿತಾಂಶದ ನಂತರ ಹೆಚ್ಚುತ್ತವೆ. ಇಲ್ಲಿ ಹೇಳಿದ ಯಾವ ವೇತನಕ್ಕೂ ಅರ್ಜಿ ಶುಲ್ಕವಿಲ್ಲ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸಿದರೂ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಇರಲಿ, ಪಾಸ್‌ವರ್ಡ್ ಅನ್ನು ನೀವೇ ಹಾಕಿ. ಮುಂದಿನ ವರ್ಷ ನವೀಕರಣಕ್ಕೆ ಕೂತಾಗ ಅವೇ ಬೇಕಾಗುತ್ತವೆ.